‘ಫಾಕ್ಸಿ’ ಪುಡಿ ಲೀಗಲ್ಲಾ? ಪ್ಯಾಕೆಟ್ ಮೇಲಿನ ಬರಹ ಕೋರ್ಟಿನಲ್ಲಿ ನಿಲ್ಲುತ್ತಾ?

ಪ್ರಶ್ನೆ: ಸರ್, ನಾನು ಹಾಸನದವನು. ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಎಂ.ಎಸ್. ಓದುತ್ತಿದ್ದೇನೆ. ಇಬ್ಬರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ನನ್ನ ರೂಮ್‌ಮೇಟ್ ಆನ್‌ಲೈನಿನಲ್ಲಿ ಒಂದು ಸಣ್ಣ ಪ್ಯಾಕೆಟ್ ತರಿಸಿದ್ದಾನೆ. ಒಳಗೆ ಬಿಳಿ ಪುಡಿ. ಮೇಲೆ ‘5-ಮೀಓ-ಡಿಐಪಿಟಿ, ರಿಸರ್ಚ್ ಕೆಮಿಕಲ್, ಮನುಷ್ಯರ ಸೇವನೆಗೆ ಅಲ್ಲ’ ಎಂದು ಬರೆದಿದೆ. ‘ಇದು ಫಾಕ್ಸಿ, ಪೂರ್ತಿ ಲೀಗಲ್, ಟೆಸ್ಟ್‌ನಲ್ಲೂ ಸಿಗಲ್ಲ’ ಅನ್ನುತ್ತಾನೆ. ‘ಇಂಡಿಯಾದ ಕಾನೂನಿನಲ್ಲಂತೂ ಇದರ ಹೆಸರೇ ಇಲ್ಲ, ರಜೆಗೆ ಹೋಗುವಾಗ ಒಯ್ಯಬಹುದು’ ಅಂತಲೂ ಹೇಳುತ್ತಾನೆ. ಇದರಲ್ಲಿ ಎಷ್ಟು ನಿಜ? ನಾನು ಅದನ್ನು ಮುಟ್ಟಿಲ್ಲ. ಆದರೂ ನನಗೆ ತೊಂದರೆ ಇದೆಯಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇದು ಲೀಗಲ್ ಅಲ್ಲ. ಅಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎ 2003ರ ಏಪ್ರಿಲ್ 4ರಂದು ತುರ್ತು ಆದೇಶ ಹೊರಡಿಸಿ ಇದನ್ನು ಶೆಡ್ಯೂಲ್-1ಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ನಿಷೇಧದ ಪಟ್ಟಿಗೆ, ಸೇರಿಸಿತು. 2004ರ ಸೆಪ್ಟೆಂಬರ್ 29ರಿಂದ ಅದು ಕಾಯಂ. ಹೆರಾಯಿನ್, ಎಲ್‌ಎಸ್‌ಡಿ ಇರುವುದೂ ಇದೇ ಪಟ್ಟಿಯಲ್ಲಿ. ನಿಮ್ಮ ರೂಮ್‌ಮೇಟ್ ಹೇಳುತ್ತಿರುವುದು ಇಪ್ಪತ್ತು ವರ್ಷಕ್ಕೂ ಹಳೆಯ ಮಾತು. ಆಗಲೂ ಅದು ಪೂರ್ತಿ ನಿಜವಾಗಿರಲಿಲ್ಲ.

ನಾನು ಫೊರೆನ್ಸಿಕ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು, ವಕೀಲನಲ್ಲ. ಆದರೆ ಇಂಥ ಪುಡಿಗಳ ವಿಷಯದಲ್ಲಿ ಕೆಮಿಸ್ಟ್ರಿ ಮತ್ತು ಕಾನೂನು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಫಾಕ್ಸಿ ಸೇರಿರುವುದು ಟ್ರಿಪ್ಟಮೀನ್ ಎಂಬ ರಾಸಾಯನಿಕಗಳ ಗುಂಪಿಗೆ. ಅದೊಂದು ದೊಡ್ಡ ಕುಟುಂಬ. ಇಂಡೋಲ್ ಎಂಬ ಜೋಡಿ ಉಂಗುರ, ಅದಕ್ಕೆ ಎರಡು ಕಾರ್ಬನ್‌ನ ಬಾಲ, ಬಾಲದ ತುದಿಯಲ್ಲಿ ನೈಟ್ರೋಜನ್. ಇಷ್ಟೇ ಅಸ್ಥಿಪಂಜರ. ನಮ್ಮ ಮೆದುಳಿನ ಸೆರೊಟೋನಿನ್ ಈ ಕುಟುಂಬದ್ದೇ. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಕೂಡ ಇದೇ ಕುಟುಂಬದ್ದು. ಅಮೆರಿಕದ ಅಂಗಡಿಗಳಲ್ಲಿ ಅದನ್ನು ಚೀಟಿಯಿಲ್ಲದೆ ಕೊಳ್ಳಬಹುದು. ಮೈಗ್ರೇನಿಗೆ ಡಾಕ್ಟರ್ ಬರೆದುಕೊಡುವ ಸುಮಾಟ್ರಿಪ್ಟಾನ್ ಸಹ ಇದರ ಸಂಬಂಧಿಯೇ. ಹಾಗಾಗಿ ಟ್ರಿಪ್ಟಮೀನ್ ಅಂದ ಕೂಡಲೇ ನಿಷೇಧಿತ ಎಂದುಕೊಳ್ಳಬೇಕಿಲ್ಲ. ಆದರೆ ಅದೇ ಅಸ್ಥಿಪಂಜರದ ನೈಟ್ರೋಜನ್ನಿಗೆ ಎರಡು ಮೀಥೈಲ್ ಗುಂಪು ಸೇರಿಸಿದರೆ ಡಿಎಂಟಿ, ಎರಡು ಈಥೈಲ್ ಸೇರಿಸಿದರೆ ಡಿಇಟಿ. ಎರಡೂ ಭ್ರಮೆ ಹುಟ್ಟಿಸುವ ಮದ್ದುಗಳು. ಎರಡೂ ಅಮೆರಿಕದಲ್ಲಿ 1970ರ ಕಾಯ್ದೆಯಿಂದಲೇ ನಿಷೇಧಿತ.

ನಿಮ್ಮ ಮನೆಗೆ ಬಂದಿರುವ ಪುಡಿಯಲ್ಲಿ ನೈಟ್ರೋಜನ್ನಿಗೆ ಎರಡು ಐಸೊಪ್ರೊಪೈಲ್ ಗುಂಪುಗಳಿವೆ. ಉಂಗುರದ ಐದನೇ ಜಾಗದಲ್ಲಿ ಒಂದು ಮೀಥಾಕ್ಸಿ ಇದೆ. ದಪ್ಪನೆಯ ಈ ಐಸೊಪ್ರೊಪೈಲ್‌ಗಳಿಂದ ಒಂದು ದೊಡ್ಡ ವ್ಯತ್ಯಾಸವಾಗುತ್ತದೆ. ಡಿಎಂಟಿಯನ್ನು ಬಾಯಿಂದ ತೆಗೆದುಕೊಂಡರೆ ಹೊಟ್ಟೆ ಮತ್ತು ಲಿವರ್‌ನ ಎಂಎಒ ಎಂಬ ಕಿಣ್ವ ಅದನ್ನು ಬೇಗ ಒಡೆದುಹಾಕುತ್ತದೆ. ಇದನ್ನು ಅಷ್ಟು ಸುಲಭವಾಗಿ ಒಡೆಯಲಾಗದು. ಹಾಗಾಗಿ ಮಾತ್ರೆ, ಕ್ಯಾಪ್ಸೂಲ್ ರೂಪದಲ್ಲಿ ಮಾರಲು ಇದು ಅನುಕೂಲವಾಯಿತು.

ಇದನ್ನು ಮೊದಲು ತಯಾರಿಸಿದವರು ಕ್ಯಾಲಿಫೋರ್ನಿಯಾದ ಕೆಮಿಸ್ಟ್ ಅಲೆಕ್ಸಾಂಡರ್ ಶುಲ್ಗಿನ್. ಡೌ ಕೆಮಿಕಲ್ ಕಂಪನಿಯಲ್ಲಿದ್ದಾಗ ಒಂದು ಕೀಟನಾಶಕ ಕಂಡುಹಿಡಿದು ಹೆಸರು ಮಾಡಿದ್ದವರು. ಆಮೇಲೆ ಕೆಲಸ ಬಿಟ್ಟು ಮನೆಯ ಪಕ್ಕದಲ್ಲೇ ಲ್ಯಾಬ್ ಕಟ್ಟಿಕೊಂಡರು. ನಿಷೇಧಿತ ವಸ್ತುಗಳ ಮೇಲೆ ಕೆಲಸ ಮಾಡಲು ಡಿಇಎಯೇ ಅವರಿಗೆ ಲೈಸೆನ್ಸ್ ಕೊಟ್ಟಿತ್ತು. 1994ರಲ್ಲಿ ಅದೇ ಡಿಇಎ ದಾಳಿ ಮಾಡಿತು, ಲೈಸೆನ್ಸೂ ಹೋಯಿತು. ಈ ಟ್ರಿಪ್ಟಮೀನ್ ಬಗ್ಗೆ ಅವರು 1980ರಲ್ಲಿ ವೈಜ್ಞಾನಿಕ ಪತ್ರಿಕೆಯಲ್ಲಿ ಬರೆದರು. 1997ರಲ್ಲಿ ಹೆಂಡತಿಯ ಜೊತೆ ಸೇರಿ ಹೊರತಂದ ಪುಸ್ತಕದಲ್ಲಿ ಇದರ ತಯಾರಿಯ ವಿಧಾನವೂ ಬಂತು. ಅದಾಗಿ ಸ್ವಲ್ಪ ಕಾಲಕ್ಕೇ, 1999ರ ಹೊತ್ತಿಗೆ, ಪುಡಿ ಪಾರ್ಟಿಗಳಿಗೆ ಬಂದಿತ್ತು. ಶುಲ್ಗಿನ್ ಬಗ್ಗೆ ಜನರಲ್ಲಿ ಎರಡು ತೀರಾ ಬೇರೆ ಅಭಿಪ್ರಾಯಗಳಿವೆ. ನನ್ನ ಮಟ್ಟಿಗೆ ಅವರು ಜಾಣ ಕೆಮಿಸ್ಟ್, ನಿಜ. ಆದರೆ ಅವರ ಪುಸ್ತಕ ಓದಿ ಪುಡಿ ಮಾಡಿ ಮಾರಿದವರಲ್ಲಿ ಅವರಿಗಿದ್ದ ಎಚ್ಚರ ಇರಲಿಲ್ಲ.

ಈಗ ಆ ಲೇಬಲ್ಲಿನ ವಿಷಯಕ್ಕೆ ಬರೋಣ.

1980ರ ದಶಕದ ಮೊದಲು ಅಮೆರಿಕದಲ್ಲಿ ನಿಷೇಧ ಅಂದರೆ ಹೆಸರುಗಳ ಪಟ್ಟಿ ಮಾತ್ರ. ಪಟ್ಟಿಯಲ್ಲಿದ್ದರೆ ಅಪರಾಧ, ಇಲ್ಲದಿದ್ದರೆ ಇಲ್ಲ. ಅಣುವಿನಲ್ಲಿ ಒಂದು ಸಣ್ಣ ಗುಂಪು ಬದಲಿಸಿದರೆ ಹೆಸರೇ ಬೇರೆ, ಕಾನೂನಿನಿಂದ ಪಾರು. ಹೀಗೆ ತಯಾರಾದ ನಕಲಿ ಹೆರಾಯಿನ್ನಿನಲ್ಲಿ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿಕೊಂಡಿತ್ತು. ತೆಗೆದುಕೊಂಡ ಯುವಕರು ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದು ದೇಶವನ್ನೇ ಗಾಬರಿಗೊಳಿಸಿತು. 1984ರಲ್ಲಿ ತುರ್ತಾಗಿ ಪಟ್ಟಿಗೆ ಸೇರಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. 1986ರಲ್ಲಿ ಅನಲಾಗ್ ಕಾಯ್ದೆ ಬಂತು. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ, ಅಣುವಿನ ರಚನೆ ಮತ್ತು ಪರಿಣಾಮ ಎರಡೂ ನಿಷೇಧಿತ ವಸ್ತುವಿಗೆ ಗಣನೀಯವಾಗಿ ಹೋಲುತ್ತಿದ್ದರೆ, ಮತ್ತು ಅದು ಮನುಷ್ಯರ ಸೇವನೆಗೆಂದು ಉದ್ದೇಶಿಸಿದ್ದಾಗಿದ್ದರೆ, ಅದನ್ನೂ ಶೆಡ್ಯೂಲ್-1ರಂತೆಯೇ ನೋಡಬೇಕು ಎಂದಿತು ಆ ಕಾಯ್ದೆ.

‘ಮನುಷ್ಯರ ಸೇವನೆಗೆ’ ಅನ್ನುವ ಆ ಎರಡು ಪದಗಳಿಂದಲೇ ಪ್ಯಾಕೆಟ್ ಮೇಲಿನ ಬರಹ ಹುಟ್ಟಿದ್ದು. ‘ಸೇವನೆಗೆ ಅಲ್ಲ’ ಎಂದು ಬರೆದುಬಿಟ್ಟರೆ ಕಾಯ್ದೆ ತಟ್ಟುವುದಿಲ್ಲ ಎಂದು ಮಾರುವವರು ಲೆಕ್ಕ ಹಾಕಿದರು. ಆದರೆ ನ್ಯಾಯಾಧೀಶರು ಲೇಬಲ್ ಒಂದನ್ನೇ ನೋಡುವುದಿಲ್ಲ. ಯಾರಿಗೆ ಮಾರಿದ, ಎಷ್ಟು ಬೆಲೆಗೆ ಮಾರಿದ, ಕ್ಯಾಪ್ಸೂಲಿನಲ್ಲಿ ತುಂಬಿದನಾ, ಗಿರಾಕಿ ಕೇಳಿದಾಗ ಏನು ಉತ್ತರ ಕೊಟ್ಟ, ಇದೆಲ್ಲಾ ಸಾಕ್ಷಿಯೇ. ಸಂಶೋಧನೆಗೆ ಬೇಕಾದ ರಾಸಾಯನಿಕವನ್ನು ಚಿಟಿಕೆ ಲೆಕ್ಕದಲ್ಲಿ ಅಪಾರ್ಟ್‌ಮೆಂಟಿಗೆ ತರಿಸುವವರು ಯಾರಿದ್ದಾರೆ ಹೇಳಿ?

ಇನ್ನು ಗೊಂದಲ ಇದ್ದದ್ದು ‘ಗಣನೀಯವಾಗಿ ಹೋಲುವುದು’ ಅಂದರೆ ಏನು ಅನ್ನುವುದರಲ್ಲಿ. ಇಲ್ಲಿ ಎರಡು ಕೇಸುಗಳನ್ನು ಹೇಳಲೇಬೇಕು. ಎರಡೂ ಟ್ರಿಪ್ಟಮೀನ್ ಕೇಸುಗಳೇ.

ಮೊದಲನೆಯದು 1992ರದ್ದು, ಕೊಲರಾಡೊ ರಾಜ್ಯದಲ್ಲಿರುವ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನದು. ಸಿಕ್ಕ ಪುಡಿ ಆಲ್ಫಾ-ಈಥೈಲ್‌ಟ್ರಿಪ್ಟಮೀನ್. ಇದರ ಹಿನ್ನೆಲೆಯೇ ವಿಚಿತ್ರ. ಅಪ್‌ಜಾನ್ ಎಂಬ ಔಷಧ ಕಂಪನಿ 1961ರಲ್ಲಿ ಇದನ್ನು ಮೊನೇಸ್ ಎಂಬ ಹೆಸರಿನಲ್ಲಿ ಖಿನ್ನತೆಗೆ ಮಾರುತ್ತಿತ್ತು. ರಕ್ತದ ಬಿಳಿಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ ಎಂದು ಗೊತ್ತಾಗಿ ಮರುವರ್ಷವೇ ವಾಪಸ್ ಪಡೆಯಿತು. ಇದು ಡಿಎಂಟಿ, ಡಿಇಟಿಗಳ ಅನಲಾಗ್ ಎಂದು ಸರ್ಕಾರ ವಾದಿಸಿತು. ಆದರೆ ಕೆಮಿಸ್ಟರಲ್ಲೇ ಒಮ್ಮತ ಇರಲಿಲ್ಲ. ಡಿಎಂಟಿ, ಡಿಇಟಿಗಳ ನೈಟ್ರೋಜನ್ನಿಗೆ ಗುಂಪುಗಳು ಅಂಟಿಕೊಂಡಿರುತ್ತವೆ. ಇದರ ನೈಟ್ರೋಜನ್ ಬೋಳು, ಈಥೈಲ್ ಇರುವುದು ಬಾಲದ ಕಾರ್ಬನ್ ಮೇಲೆ. ಪರಿಣತರೇ ಒಪ್ಪದ ಹೋಲಿಕೆಯನ್ನು ಸಾಮಾನ್ಯ ಮನುಷ್ಯ ಹೇಗೆ ಊಹಿಸಬೇಕು ಎಂದ ಕೋರ್ಟ್, ಈ ಪ್ರಕರಣದ ಮಟ್ಟಿಗೆ ಕಾಯ್ದೆ ಅಸ್ಪಷ್ಟ ಎಂದಿತು. ಆರೋಪಿಗಳು ಗೆದ್ದರು. ಮರುವರ್ಷ, 1993ರಲ್ಲಿ, ಡಿಇಎ ಆ ವಸ್ತುವನ್ನು ಹೆಸರಿಟ್ಟೇ ಪಟ್ಟಿಗೆ ಸೇರಿಸಿತು!

ಎರಡನೆಯದು ನಿಮ್ಮ ಫಾಕ್ಸಿಯದ್ದೇ. ಪಟ್ಟಿಗೆ ಸೇರುವ ಮೊದಲೇ ಮಾರಿ ಸಿಕ್ಕಿಬಿದ್ದವನೊಬ್ಬ, ಕೊಲರಾಡೊ ತೀರ್ಪನ್ನು ಮುಂದಿಟ್ಟುಕೊಂಡು ಅದೇ ವಾದ ಹೂಡಿದ. 2003ರಲ್ಲಿ ನಾಲ್ಕನೇ ಸರ್ಕಿಟ್‌ನ (ಕೆಲವು ರಾಜ್ಯಗಳು ಸೇರಿದ ಒಂದು ಫೆಡರಲ್ ವಲಯ) ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಫಾಕ್ಸಿ ಮತ್ತು ಡಿಇಟಿ ಎರಡರ ತಿರುಳೂ ಒಂದೇ ಟ್ರಿಪ್ಟಮೀನ್, ಎರಡರಲ್ಲೂ ನೈಟ್ರೋಜನ್ನಿಗೆ ಗುಂಪುಗಳು ಅಂಟಿವೆ, ಇಷ್ಟು ಸಾಕು ಎಂದಿತು. ಕೊಲರಾಡೊದ ಪುಡಿ ಬೇರೆ ಜಾತಿಯದು, ಅದರ ನೆರಳು ಇದಕ್ಕೆ ಸಿಗದು ಎಂದೂ ಹೇಳಿತು. ಹಾಗಾಗಿ 2003ರ ಏಪ್ರಿಲ್‌ಗೆ ಮೊದಲು ಮಾರಿದವನೂ ಜೈಲಿಗೆ ಹೋದ. ಆಗಲೂ ಪೂರ್ತಿ ನಿಜವಾಗಿರಲಿಲ್ಲ ಎಂದು ನಾನು ಹೇಳಿದ್ದು ಇದಕ್ಕೇ.

2004ರ ಜುಲೈನಲ್ಲಿ ಡಿಇಎ ‘ವೆಬ್ ಟ್ರಿಪ್’ ಎಂಬ ಕಾರ್ಯಾಚರಣೆ ಮಾಡಿತು. ‘ರಿಸರ್ಚ್ ಕೆಮಿಕಲ್’ ಎಂದು ಮಾರುತ್ತಿದ್ದ 5 ವೆಬ್‌ಸೈಟ್‌ಗಳನ್ನು ಮುಚ್ಚಿಸಿ 10 ಜನರನ್ನು ಬಂಧಿಸಿತು. ಆ ಎಲ್ಲಾ ಸೈಟುಗಳಲ್ಲೂ ಈ ಲೇಬಲ್ಲಿನ ಬರಹವೇ ಗುರಾಣಿ. ಕೆಲಸಕ್ಕೆ ಬರಲಿಲ್ಲ.

ಸರ್ಕಾರದ ಕೈಯನ್ನು ಸ್ವಲ್ಪ ಕಟ್ಟಿದ್ದು 2015ರ ಸುಪ್ರೀಂ ಕೋರ್ಟ್ ತೀರ್ಪು. ಅನಲಾಗ್ ಕೇಸಿನಲ್ಲಿ ಆರೋಪಿಗೆ ತಾನು ನಿಷೇಧಿತ ವಸ್ತುವನ್ನು ಮಾರುತ್ತಿದ್ದೇನೆ ಎಂದು ಗೊತ್ತಿತ್ತು, ಇಲ್ಲವೇ ಅದನ್ನು ಅನಲಾಗ್ ಮಾಡುವ ಗುಣಗಳಾದರೂ ಗೊತ್ತಿದ್ದವು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದಿತು. ಇದು ನಿಮ್ಮ ರೂಮ್‌ಮೇಟ್‌ಗೆ ನೆರವಾಗುವುದಿಲ್ಲ. ಅವನ ಪುಡಿ ಅನಲಾಗ್ ಅಲ್ಲ, ಹೆಸರು ಹಿಡಿದು ಪಟ್ಟಿಯಲ್ಲಿರುವ ವಸ್ತು.

‘ಹಾಗಾದರೆ ಪಟ್ಟಿಯಲ್ಲಿಲ್ಲದ ಇನ್ನೊಂದು ಟ್ರಿಪ್ಟಮೀನ್ ತರಿಸ್ತೀನಿ’ ಎಂದು ಅವನು ಹೇಳಬಹುದು. ಅದಕ್ಕೂ ಉತ್ತರ ಇದೆ. 2022ರ ಜನವರಿಯಲ್ಲಿ ಡಿಇಎ ಇನ್ನೂ ಐದು ಟ್ರಿಪ್ಟಮೀನ್‌ಗಳನ್ನು ಶೆಡ್ಯೂಲ್-1ಕ್ಕೆ ಸೇರಿಸಲು ಹೊರಟಿತು. ಸೈಕೆಡೆಲಿಕ್ ಔಷಧಗಳ ಮೇಲೆ ಕೆಲಸ ಮಾಡುವವರು ಗಟ್ಟಿಯಾಗಿ ವಿರೋಧಿಸಿದರು. ಜುಲೈನಲ್ಲಿ ಪ್ರಸ್ತಾವ ವಾಪಸ್ ಹೋಯಿತು. ಇದನ್ನೇ ಕೆಲವರು ‘ಅವು ಲೀಗಲ್ ಆದವು’ ಎಂದು ಓದಿಕೊಂಡರು. ಆಗಲಿಲ್ಲ. ಅನಲಾಗ್ ಕಾಯ್ದೆ ಅಲ್ಲೇ ಕಾದು ಕೂತಿದೆ. ಜೊತೆಗೆ ರಾಜ್ಯಗಳ ಕಾನೂನು ಬೇರೆ. ಫ್ಲಾರಿಡಾದಂಥ ರಾಜ್ಯದ ಪಟ್ಟಿ ಫೆಡರಲ್ ಪಟ್ಟಿಗಿಂತ ಉದ್ದ.

‘ಟೆಸ್ಟ್‌ನಲ್ಲಿ ಸಿಗಲ್ಲ’ ಅನ್ನುವ ಮಾತು ಅರ್ಧ ನಿಜ. ಕೆಲಸಕ್ಕೆ ಸೇರುವಾಗ ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆ ಹುಡುಕುವುದು ಐದು ಬಗೆಗಳನ್ನು: ಗಾಂಜಾ, ಕೊಕೇನ್, ಆಂಫೆಟಮೀನ್, ಓಪಿಯೇಟ್, ಪಿಸಿಪಿ. ಟ್ರಿಪ್ಟಮೀನ್ ಅದರಲ್ಲಿಲ್ಲ. ಆದರೆ ಪೊಲೀಸರು ಪುಡಿಯನ್ನೇ ಹಿಡಿದು ಲ್ಯಾಬಿಗೆ ಕಳಿಸಿದರೆ ಕಥೆ ಬೇರೆ. ಜಿಸಿ-ಎಂಎಸ್ ಯಂತ್ರದಲ್ಲಿ ಹಾಕಿದರೆ ಅಣು ಚೂರುಚೂರಾಗಿ ಒಡೆದು ಚೂರುಗಳ ತೂಕ ಸಿಗುತ್ತದೆ. ಫಾಕ್ಸಿಯ ತೂಕ 274. ಅದರ ದೊಡ್ಡ ಚೂರು 114, ಅದರ ಜೊತೆಗೆ 72. ಇದಕ್ಕೆ ಒಂದು ಅವಳಿ ಇದೆ, ಐಸೊಪ್ರೊಪೈಲ್ ಬದಲು ನೇರ ಪ್ರೊಪೈಲ್ ಇರುವ ಅಣು. ಅದರ ತೂಕವೂ 274, ದೊಡ್ಡ ಚೂರೂ 114. ಆದರೆ ಜೊತೆಗೆ ಬರುವುದು 72 ಅಲ್ಲ, 86. ಎರಡನ್ನೂ ಅದಲು ಬದಲು ಮಾಡಿಕೊಳ್ಳದಂತೆ ನೋಡುವುದು ನಮ್ಮಂಥವರ ಕೆಲಸ. ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ಇಂಥ ಜೋಡಿಗಳನ್ನು ಕೊಟ್ಟೇ ತರಬೇತಿ ಮಾಡುತ್ತಿದ್ದೆವು. ರಕ್ತ, ಮೂತ್ರದಲ್ಲೂ ಇದನ್ನೂ ಇದರ ಒಡೆದ ರೂಪಗಳನ್ನೂ ಹುಡುಕುವ ವಿಧಾನಗಳಿವೆ.

ದೇಹಕ್ಕೆ ಏನಾಗುತ್ತದೆ ಎಂದು ನೀವು ಕೇಳಿಲ್ಲ. ಆದರೂ ಅದೇ ಮನೆಯಲ್ಲಿರುವುದರಿಂದ ಗೊತ್ತಿರಲಿ. ಇದು ಕೆಲಸ ಮಾಡುವುದು ಕೆಲವೇ ಮಿಲಿಗ್ರಾಂ ಪ್ರಮಾಣದಲ್ಲಿ. ಕಣ್ಣಳತೆಯಲ್ಲಿ ತೂಗಲಾಗದ ಪ್ರಮಾಣ ಅದು. ಪರಿಣಾಮ ತಕ್ಷಣ ಬರುವುದಿಲ್ಲ. ‘ಏನೂ ಆಗ್ಲಿಲ್ಲ’ ಎಂದು ಇನ್ನೊಂದಿಷ್ಟು ನುಂಗಿದಾಗ ಎರಡೂ ಸೇರಿ ಏರುತ್ತವೆ. ವಾಂತಿ, ಭೇದಿ, ದವಡೆ ಬಿಗಿತ, ಅಗಲವಾದ ಕಣ್ಣಪಾಪೆ, ಎದೆ ಹೊಡೆತ, ಗಾಬರಿ, ಇಡೀ ರಾತ್ರಿ ನಿದ್ದೆ ಬಾರದಿರುವುದು. ಕೇಳುವ ಶಬ್ದವೂ ಸೊಟ್ಟಗಾಗುತ್ತದೆ. ಜಪಾನಿನಲ್ಲಿ ಸಾವಿನ ಪ್ರಕರಣವೊಂದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಜಾಸ್ತಿ ಎಚ್ಚರ ಬೇಕಾದದ್ದು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ. ಈ ಪುಡಿ ಸೆರೊಟೋನಿನ್ ವಾಪಸ್ ಹೀರಿಕೊಳ್ಳುವುದನ್ನೂ ತಡೆಯುತ್ತದೆ. ಅದರ ಮೇಲೆ ಸೆರೊಟೋನಿನ್ ಹೆಚ್ಚಿಸುವ ಇನ್ನೊಂದು ಮಾತ್ರೆಯೂ ಇದ್ದರೆ ಮೈ ಕಾದು, ಸ್ನಾಯು ಸೆಟೆದು, ಜೀವಕ್ಕೇ ಅಪಾಯ. ಪ್ಯಾಕೆಟ್‌ನಲ್ಲಿ ಬರೆದದ್ದೇ ಒಳಗಿದೆ ಎಂಬ ಗ್ಯಾರಂಟಿಯೂ ಇಲ್ಲ. ಇಂಥ ಲಕ್ಷಣ ಕಂಡರೆ 911ಕ್ಕೆ ಕರೆ ಮಾಡಿ, ಯೋಚಿಸುತ್ತಾ ಕೂರಬೇಡಿ. ಸಹಾಯಕ್ಕೆ ಕರೆ ಮಾಡಿದವರನ್ನು ಕೇಸಿನಿಂದ ಕಾಯುವ ಕಾನೂನು ಬಹುತೇಕ ರಾಜ್ಯಗಳಲ್ಲಿದೆ, ಎಷ್ಟರಮಟ್ಟಿಗೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇಳಿ ತಿಳಿಯುವುದಿದ್ದರೆ ಪಾಯ್ಸನ್ ಕಂಟ್ರೋಲ್‌ನ 1-800-222-1222 ದಿನದ ಎಲ್ಲಾ ಹೊತ್ತೂ ಇರುತ್ತದೆ.

ಈಗ ನಿಮ್ಮ ವಿಷಯ. ಒಂದೇ ಮನೆಯಲ್ಲಿ ಇದ್ದೀರಿ ಅನ್ನುವುದರಿಂದಲೇ ನೀವು ಅಪರಾಧಿ ಆಗುವುದಿಲ್ಲ. ವಸ್ತು ಇದೆ ಎಂದು ಗೊತ್ತಿರಬೇಕು, ಅದು ನಿಮ್ಮ ಹಿಡಿತದಲ್ಲೂ ಇರಬೇಕು. ಗೊತ್ತಿರುವುದಂತೂ ಆಯಿತು. ಹಿಡಿತದ ಪ್ರಶ್ನೆ ಉಳಿದಿದೆ. ಪುಡಿ ಅವನ ರೂಮಿನ ಡ್ರಾಯರ್‌ನಲ್ಲಿದ್ದರೆ ಒಂದು ಲೆಕ್ಕ, ಇಬ್ಬರೂ ಬಳಸುವ ಅಡುಗೆಮನೆಯ ಕಪಾಟಿನಲ್ಲಿದ್ದರೆ ಇನ್ನೊಂದು. ಪಾರ್ಸೆಲ್ ನಿಮ್ಮ ಹೆಸರಿಗೆ ಬಂದಿದ್ದರೆ, ಹಣ ನಿಮ್ಮ ಕಾರ್ಡಿನಿಂದ ಹೋಗಿದ್ದರೆ ಕಷ್ಟ. ಫೆಡರಲ್ ಕಾನೂನಿನಲ್ಲಿ ಸುಮ್ನೆ ಇಟ್ಟುಕೊಂಡದ್ದಕ್ಕೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಮತ್ತು ಕನಿಷ್ಠ 1,000 ಡಾಲರ್ ದಂಡ. ಹಂಚಿದರೆ 20 ವರ್ಷದವರೆಗೆ. ದುಡ್ಡು ತೆಗೆದುಕೊಳ್ಳದೆ ಗೆಳೆಯನಿಗೆ ಒಂದು ಚಿಟಿಕೆ ಕೊಟ್ಟರೂ ಅದು ಹಂಚಿಕೆಯೇ. ಇದು ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಜೈಲಿಗಿಂತ ದೊಡ್ಡ ಹೊಡೆತ ವೀಸಾದ್ದು. ಅಲ್ಲಿ ಹುಟ್ಟಿದ ಹುಡುಗ ಇದೇ ಕೇಸಿನಲ್ಲಿ ದಂಡ ಕಟ್ಟಿ ಮನೆಗೆ ಹೋಗಬಹುದು. ನಿಮಗೆ ಹಾಗಲ್ಲ. ವಲಸೆ ಕಾನೂನಿನ ಪ್ರಕಾರ ಮಾದಕವಸ್ತುವಿನ ಒಂದು ಶಿಕ್ಷೆ ಸಾಕು ದೇಶದಿಂದ ಹೊರಹಾಕಲು. ಇರುವ ಒಂದೇ ವಿನಾಯಿತಿ ಸ್ವಂತಕ್ಕೆ ಇಟ್ಟುಕೊಂಡ 30 ಗ್ರಾಂವರೆಗಿನ ಗಾಂಜಾಕ್ಕೆ, ಅದೂ ಒಂದೇ ಸಲ. ಫಾಕ್ಸಿಗೆ ಅದು ಅನ್ವಯಿಸದು. ‘ತಪ್ಪೊಪ್ಪಿಕೊಂಡರೆ ಆರು ತಿಂಗಳಾದ ಮೇಲೆ ಕೇಸ್ ಅಳಿಸಿಹಾಕ್ತೀವಿ’ ಎಂಬಂಥ ಒಪ್ಪಂದಗಳು ಕೆಲವು ಕೋರ್ಟ್‌ಗಳಲ್ಲಿ ಸಿಗುತ್ತವೆ. ರಾಜ್ಯದ ಲೆಕ್ಕದಲ್ಲಿ ಕೇಸ್ ಅಳಿಸಿಹೋಗುತ್ತದೆ, ಆದರೆ ವಲಸೆ ಇಲಾಖೆಯ ಲೆಕ್ಕದಲ್ಲಿ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ. ಶಿಕ್ಷೆಯೇ ಆಗದೆ, ವಿಮಾನ ನಿಲ್ದಾಣದಲ್ಲೋ ಕಾನ್ಸುಲೇಟ್‌ನಲ್ಲೋ ‘ಒಂದ್ಸಲ ತಗೊಂಡಿದ್ದೆ’ ಎಂದು ಒಪ್ಪಿಕೊಂಡರೂ ಒಳಗೆ ಬಿಡದಿರಲು ಅದೇ ಕಾರಣವಾಗಬಹುದು. 2010ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ತಪ್ಪೊಪ್ಪಿಗೆಯಿಂದ ವೀಸಾಕ್ಕೆ ಏನಾಗುತ್ತದೆ ಎಂದು ಹೇಳುವುದು ನಿಮ್ಮ ಕ್ರಿಮಿನಲ್ ವಕೀಲರ ಕರ್ತವ್ಯ. ಅವರು ಹೇಳದಿದ್ದರೆ ನೀವೇ ಕೇಳಿ.

ಇನ್ನು ಭಾರತ. ನಮ್ಮ ಮಾದಕವಸ್ತು ಕಾಯ್ದೆಯಾದ ಎನ್‌ಡಿಪಿಎಸ್ 1985ರದ್ದು. ಸೈಕೋಟ್ರೋಪಿಕ್, ಅಂದರೆ ಮನಸ್ಸಿನ ಮೇಲೆ ಪರಿಣಾಮ ಮಾಡುವ ವಸ್ತುಗಳ ವಿಷಯದಲ್ಲಿ ಅದು ಈಗಲೂ ಹೆಸರುಗಳ ಪಟ್ಟಿಯ ಮೇಲೆಯೇ ನಡೆಯುತ್ತದೆ. ಡಿಎಂಟಿ, ಡಿಇಟಿ, ಸೈಲೊಸೈಬಿನ್, ಎಲ್‌ಎಸ್‌ಡಿ ಅದರಲ್ಲಿವೆ. ಅಮೆರಿಕದ ಅನಲಾಗ್ ಕಾಯ್ದೆಯಂಥ ಕಲಂ ನಮ್ಮಲ್ಲಿಲ್ಲ. ನಿಮ್ಮ ರೂಮ್‌ಮೇಟ್‌ನ ಧೈರ್ಯ ಇಲ್ಲಿಂದ ಬಂದದ್ದು. ಆದರೆ ಕಾಯ್ದೆಯ 3ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಒಂದು ಗೆಜೆಟ್ ಅಧಿಸೂಚನೆಯಿಂದ ಯಾವ ಹೆಸರನ್ನಾದರೂ ಸೇರಿಸಬಹುದು, ಸಂಸತ್ತಿಗೆ ಹೋಗಬೇಕಿಲ್ಲ. ‘ಮಿಯಾಂವ್ ಮಿಯಾಂವ್’ ಎಂದು ಮುಂಬೈಯಲ್ಲಿ ಬೀದಿಬೀದಿಗೂ ಹರಡಿದ್ದ ಮೆಫೆಡ್ರೋನ್ 2015ರ ಫೆಬ್ರವರಿಯಲ್ಲಿ ಹೀಗೇ ಪಟ್ಟಿಗೆ ಬಂತು. ಹಿಂದಿನ ತಿಂಗಳು ಇಟ್ಟುಕೊಂಡವನ ವಾದ ಮುಂದಿನ ತಿಂಗಳು ನಡೆಯಲಿಲ್ಲ.

ಪುಡಿಯಲ್ಲಿ ಪಟ್ಟಿಯ ಇನ್ನೊಂದು ವಸ್ತು ಬೆರೆತಿದ್ದರೆ ಆಗ ಹೆಸರಿನ ವಾದವೇ ಬಿದ್ದುಹೋಗುತ್ತದೆ. ಮಿಶ್ರಣವಾದರೆ ಶುದ್ಧ ಮದ್ದಿನ ತೂಕವನ್ನಷ್ಟೇ ಅಲ್ಲ, ಇಡೀ ಮಿಶ್ರಣದ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇಂಥ ವಸ್ತುಗಳಲ್ಲಿ ‘ವಾಣಿಜ್ಯ ಪ್ರಮಾಣ’ ಅನ್ನುವುದು ಎಷ್ಟು ಕಡಿಮೆ ಎಂದರೆ, ಎಲ್‌ಎಸ್‌ಡಿಗೆ ಬರೀ 0.1 ಗ್ರಾಂ. ಆ ಗೆರೆ ದಾಟಿದರೆ 10ರಿಂದ 20 ವರ್ಷ, ಜಾಮೀನು ಕೂಡ ಬಹಳ ಕಷ್ಟ. ಲ್ಯಾಬ್ ವರದಿ ಬರುವವರೆಗೆ ಹುಡುಗ ಒಳಗೇ ಇರಬೇಕಾಗಬಹುದು. ಎಲ್ಲಕ್ಕಿಂತ ಮೊದಲು, ಅಮೆರಿಕದ ವಿಮಾನ ನಿಲ್ದಾಣದಿಂದ ಶೆಡ್ಯೂಲ್-1 ವಸ್ತುವನ್ನು ಹೊರಗೆ ಒಯ್ಯುವುದೇ ಅಲ್ಲಿ ಬೇರೊಂದು ಫೆಡರಲ್ ಅಪರಾಧ. ಬೆಂಗಳೂರಿನ ಕಸ್ಟಮ್ಸ್ ಕೌಂಟರ್‌ಗೆ ಬರುವ ಮಾತು ಆಮೇಲಿನದು.

ಬ್ರಿಟನ್ನಿನಲ್ಲಿ ಓದುವವರೂ ಇದನ್ನು ಓದುತ್ತಿರಬಹುದು. ಅಲ್ಲಿ ಒಂದೊಂದೇ ಹೆಸರಿನ ಬದಲು ಕುಟುಂಬವನ್ನೇ ವಿವರಿಸುವ ವ್ಯಾಖ್ಯೆ 1970ರ ದಶಕದಿಂದ ಇದೆ. ಫಾಕ್ಸಿ ಆ ಬಲೆಯೊಳಗೇ ಇದ್ದು, ಅತಿ ಕಠಿಣ ಶಿಕ್ಷೆಯ ವರ್ಗವಾದ ಕ್ಲಾಸ್ ಎಗೆ ಸೇರಿದೆ. ಬಲೆಯಿಂದ ನುಸುಳಿದ್ದ ಎಎಂಟಿ ಎಂಬ ಟ್ರಿಪ್ಟಮೀನ್ ಮುಂತಾದವನ್ನು 2015ರ ಜನವರಿಯಲ್ಲಿ ಒಳಗೆ ಎಳೆದುಕೊಂಡರು. ಮರುವರ್ಷ ಬಂದ ಕಾಯ್ದೆ, ಮನಸ್ಸಿನ ಮೇಲೆ ಪರಿಣಾಮ ಮಾಡುವ ಯಾವ ಹೊಸ ವಸ್ತುವಿನ ಮಾರಾಟವನ್ನೂ ಸಾರಾಸಗಟಾಗಿ ನಿಷೇಧಿಸಿತು. ಜಪಾನಿನಲ್ಲಿ ಫಾಕ್ಸಿ 2005ರಿಂದ ಮಾದಕವಸ್ತು.

ನೀವು ಮಾಡಬೇಕಾದದ್ದು ಇಷ್ಟು. ಆ ಪ್ಯಾಕೆಟನ್ನು ನೀವು ಮುಟ್ಟಬೇಡಿ. ಎಸೆದುಬರುತ್ತೇನೆ ಎಂದು ಜೇಬಿಗೆ ಹಾಕಿಕೊಂಡು ಹೊರಟರೆ ಆ ಹೊತ್ತಿಗೆ ಅದು ನಿಮ್ಮದೇ. ಇಬ್ಬರೂ ಬಳಸುವ ಜಾಗದಲ್ಲಿ ಅದು ಇರಕೂಡದು ಎಂದು ರೂಮ್‌ಮೇಟ್‌ಗೆ ಖಡಾಖಂಡಿತವಾಗಿ ಹೇಳಿ. ಅವನು ಕೇಳದಿದ್ದರೆ ಮನೆ ಬದಲಿಸಿ, ಬಾಡಿಗೆ ಮುಂಗಡ ಹೋದರೂ ಚಿಂತೆಯಿಲ್ಲ. ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಕಾನೂನು ಸಲಹೆಯ ಕಚೇರಿ ಇರುತ್ತದೆ, ಅಲ್ಲಿ ಮಾತಾಡಿ. ಪೊಲೀಸರು ಬಂದು ಪ್ರಶ್ನೆ ಕೇಳಿದರೆ ವಕೀಲರ ಜೊತೆ ಮಾತಾಡಿ ಉತ್ತರಿಸುತ್ತೇನೆ ಎನ್ನುವ ಹಕ್ಕು ವೀಸಾದ ಮೇಲಿರುವವರಿಗೂ ಇದೆ. ರೂಮ್‌ಮೇಟ್‌ಗೆ ಇದು ಅಭ್ಯಾಸವಾಗಿಬಿಟ್ಟಿದ್ದರೆ ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಊರಲ್ಲಿರುವ ಓದುಗರಿಗೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವೂ ಇದೆ. ಮದ್ದಿಗೆ ದಾಸನಾದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸೇವನೆಯ ಮತ್ತು ಸಣ್ಣ ಪ್ರಮಾಣದ ಕೇಸುಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುವ 64-ಎ ಕಲಂ ನಮ್ಮ ಎನ್‌ಡಿಪಿಎಸ್‌ನಲ್ಲೇ ಇದೆ. ಆದರೆ ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.